ಗರ್ಭಗುಡಿಯಲ್ಲಿ ಹಾಜರಿ ತೆಗೆದುಕೊಳ್ಳಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಾನು ಮಧುಗಿರಿ ತಾಲ್ಲೂಕಿನವನು. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾಗಿ, ಈಗ ಊರಿನಲ್ಲಿ ನಮ್ಮ ತಾತನ ಕಾಲದಿಂದ ಬಂದ ಈಶ್ವರ ದೇವಸ್ಥಾನದ ಪೂಜೆ ಮಾಡಿಕೊಂಡಿದ್ದೇನೆ. ಮುಜರಾಯಿ ಪಟ್ಟಿಯಲ್ಲಿ ‘ಸಿ’ ದರ್ಜೆಯ ಗುಡಿ, ಎಂದರೆ ವರಮಾನ ಕಡಿಮೆ ಇರುವುದು. ಸೋಮವಾರ ಹತ್ತಿಪ್ಪತ್ತು ಜನ ಬರುತ್ತಾರೆ, ಉಳಿದ ದಿನ ದೀಪ ಹಚ್ಚಿ ನೈವೇದ್ಯ ಮಾಡಿ ಬಾಗಿಲು ಹಾಕಿಕೊಂಡು ಬರುವುದು. ಇಷ್ಟು ಹೇಳಿಕೊಂಡಿದ್ದು ಏಕೆಂದರೆ, ಈ ಪತ್ರದಲ್ಲಿ ಮೇಷ್ಟ್ರೂ ಮಾತನಾಡುತ್ತಾನೆ, ಪೂಜಾರಿಯೂ ಮಾತನಾಡುತ್ತಾನೆ. ಇಬ್ಬರಿಗೂ ಒಂದೇ ಸಂಕಟ.

ಕಳೆದ ತಿಂಗಳು ನಮ್ಮ ಭಾಗದ ಅರ್ಚಕರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ ಬಂತು. ಹೊಸದಾಗಿ ಅಧಿಕಾರ ಹಿಡಿದ ನಾಯಕರೊಬ್ಬರ ಹುಟ್ಟುಹಬ್ಬ. ಬೆಳಗ್ಗೆ 9 ಗಂಟೆಯೊಳಗೆ ಪ್ರತಿ ಗುಡಿಯಲ್ಲೂ ಅವರ ಹೆಸರು, ಗೋತ್ರ, ನಕ್ಷತ್ರ ಹೇಳಿ ಅರ್ಚನೆ ಮಾಡಬೇಕು, ಹೆಸರು ಮೈಕಿನಲ್ಲಿ ಸ್ಪಷ್ಟವಾಗಿ ಕೇಳಿಸಬೇಕು, ವಿಡಿಯೊ ತೆಗೆದು ಗುಂಪಿಗೆ ಹಾಕಬೇಕು, ಹಾಕದವರ ಪಟ್ಟಿ ಮಾಡಲಾಗುವುದು. ಕೆಳಗೆ ಸಹಿ ಇರಲಿಲ್ಲ, ಮೊಹರು ಇರಲಿಲ್ಲ. ಯಾರು ಬರೆದರೋ, ಯಾರು ಬರೆಸಿದರೋ ನನಗೆ ತಿಳಿಯದು, ಊಹಿಸಿ ಯಾರ ಮೇಲೂ ಹೊರಿಸುವುದಿಲ್ಲ. ಆದರೆ 9 ಗಂಟೆಗೆ ಮೊದಲೇ ವಿಡಿಯೊಗಳು ಒಂದರ ಹಿಂದೆ ಒಂದು ಬಂದು ಬೀಳತೊಡಗಿದವು. ಒಂದರಲ್ಲಿ ಅರ್ಚಕರೊಬ್ಬರು ಮಂಗಳಾರತಿ ತಟ್ಟೆಯನ್ನು ದೇವರ ಕಡೆಯಿಂದ ಮೊಬೈಲ್ ಕಡೆಗೆ ತಿರುಗಿಸಿ ಹೆಸರು ಹೇಳಿದರು. ಮೊಬೈಲ್ ಹಿಡಿದವನು “ಇನ್ನೊಂದು ಸಲ, ಜೋರಾಗಿ” ಎಂದದ್ದೂ ಅದರಲ್ಲಿ ದಾಖಲಾಗಿತ್ತು. ಅದನ್ನು ನೋಡಿ ನನಗೆ ಆ ದಿನ ಊಟ ಸೇರಲಿಲ್ಲ.

ಸಂಜೆ ಪಕ್ಕದ ಊರಿನ ಆಂಜನೇಯನ ಗುಡಿಯ ಅರ್ಚಕರು ನಡೆದುಕೊಂಡು ನಮ್ಮ ಮನೆಗೆ ಬಂದರು. ವಯಸ್ಸು ಎಪ್ಪತ್ತರ ಹತ್ತಿರ. ಅವರ ಬಳಿ ಇರುವುದು ಗುಂಡಿ ಒತ್ತುವ ಹಳೆಯ ಫೋನು. ಮೊಮ್ಮಗ ಕಾಲೇಜಿನಿಂದ ಬಂದ ಮೇಲೆ ಅವನ ಫೋನಿನಲ್ಲಿ ಸಂದೇಶ ನೋಡಿದ್ದಾರೆ. ಜಗಲಿಯ ಮೇಲೆ ಕುಳಿತು ನೀರು ಕುಡಿದು, ಸುತ್ತ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು: “ಮೇಷ್ಟ್ರೇ, ನಾನು ಒಂಬತ್ತು ಗಂಟೆಗೆ ಹಾಕಲಿಲ್ಲ. ತಸ್ತೀಕು ನಿಲ್ಲಿಸಿಬಿಡುತ್ತಾರೆಯೇ?”

ತಸ್ತೀಕು ಎಂದರೆ ಏನೆಂದು ಪಟ್ಟಣದ ಓದುಗರಿಗೆ ತಿಳಿಯದಿರಬಹುದು. ಗುಡಿಗಳಿಗೆ ಇನಾಂ ಜಮೀನುಗಳಿದ್ದವು. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ಧತಿ ಕಾಯ್ದೆಯಿಂದ ಆ ಜಮೀನುಗಳು ಹೋದವು. ಉಳುವವರಿಗೆ ಭೂಮಿ ಸಿಕ್ಕಿದ್ದು ಸರಿಯೇ, ನನಗೆ ಅದರ ಬಗ್ಗೆ ತಕರಾರಿಲ್ಲ. ಹಾಗೆ ಹೋದ ಜಮೀನಿಗೆ ಪ್ರತಿಯಾಗಿ ನಿತ್ಯಪೂಜೆ ನಿಲ್ಲದಿರಲೆಂದು ಕೊಡುವ ಹಣ ತಸ್ತೀಕು. 2022ರಲ್ಲಿ ಅದನ್ನು ವರ್ಷಕ್ಕೆ 48 ಸಾವಿರದಿಂದ 60 ಸಾವಿರಕ್ಕೆ ಏರಿಸಿದರು. ಎಣ್ಣೆ, ಬತ್ತಿ, ಹೂವು, ಅಕ್ಕಿ, ಅರ್ಚಕನ ಸಂಸಾರ ಎಲ್ಲವೂ ಅದರಲ್ಲೇ. ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ಭಿಕ್ಷೆಯಲ್ಲ, ಗುಡಿಗೆ ಬರಬೇಕಾದ ಬಾಕಿ. ಅಂಥ ಬಾಕಿಯನ್ನು ಪಡೆಯುವ ಮುದುಕರು, ಯಾರದೋ ಹೆಸರನ್ನು ಹೊತ್ತಿಗೆ ಸರಿಯಾಗಿ ಕೂಗಲಿಲ್ಲವೆಂದು ಹೆದರಿ ಕತ್ತಲಲ್ಲಿ ಎರಡು ಮೈಲಿ ನಡೆದು ಬಂದಿದ್ದರು.

ಅವರನ್ನು ಮನೆಯವರೆಗೆ ಬಿಟ್ಟು ಬರುವಾಗ ನನಗೆ ನೆನಪಾದದ್ದು ತರಗತಿಯಲ್ಲಿ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದ ಒಂದು ಪಾಠ. 1688ರ ಇಂಗ್ಲೆಂಡಿನ ‘ರಕ್ತರಹಿತ ಕ್ರಾಂತಿ’. ಎರಡನೆಯ ಜೇಮ್ಸ್ ದೊರೆ ಓಡಿಹೋದ, ಅವನ ಅಳಿಯ ವಿಲಿಯಂ ಮತ್ತು ಮಗಳು ಮೇರಿ ಪಟ್ಟಕ್ಕೆ ಬಂದರು, ಪಾರ್ಲಿಮೆಂಟು ಗೆದ್ದಿತು. ಮಕ್ಕಳು ಇಷ್ಟು ಬರೆದರೆ ನಾನು ಪೂರ್ಣ ಅಂಕ ಕೊಡುತ್ತಿದ್ದೆ. ಆ ಕ್ರಾಂತಿ ಚರ್ಚುಗಳ ಒಳಗೆ ಏನು ಮಾಡಿತು ಎಂಬುದು ಪಠ್ಯದಲ್ಲಿ ಇರಲಿಲ್ಲ. ನಿವೃತ್ತನಾದ ಮೇಲೆ ಓದಿ ತಿಳಿದುಕೊಂಡೆ.

ಸ್ಕಾಟ್ಲೆಂಡಿನಲ್ಲಿ 1689ರ ಏಪ್ರಿಲ್ 11ರಂದು ಹೊಸ ರಾಜ ರಾಣಿಯ ಘೋಷಣೆಯಾಯಿತು. 13ರಂದು ಇನ್ನೊಂದು ಆಜ್ಞೆ: ಪಾದ್ರಿಗಳೆಲ್ಲ ಇದನ್ನು ವೇದಿಕೆಯಿಂದ ಓದಬೇಕು, ವಿಲಿಯಂ ಮತ್ತು ಮೇರಿಯರ ಹೆಸರು ಹಿಡಿದು ಸಭೆಯ ಎದುರು ಪ್ರಾರ್ಥಿಸಬೇಕು. ಎಡಿನ್‌ಬರೊ ನಗರದವರು ಮರುದಿನವೇ, ಟೇ ನದಿಯ ಈಚೆಯವರು 21ಕ್ಕೆ, ಆಚೆಯವರು 28ಕ್ಕೆ. ತಪ್ಪಿದವರಿಗೆ ಚರ್ಚೂ ಇಲ್ಲ, ಸಂಬಳವೂ ಇಲ್ಲ. ಆಗಸ್ಟ್ ಹೊತ್ತಿಗೆ, ಪ್ರಾರ್ಥಿಸದ ಪಾದ್ರಿಯ ಮೇಲೆ ದೂರು ಕೊಡಿ ಎಂದು ಅವರವರ ಸಭೆಯ ಜನರನ್ನೇ ಸರ್ಕಾರ ಕರೆಯಿತು. ನಿನ್ನೆ ಕೈಮುಗಿದು ಕುಳಿತು ಕೇಳಿದವನು ಇಂದು ಸಾಕ್ಷಿ ಹೇಳಲು ಹೋದ. ಬಹಳ ಮಂದಿ ಪಾದ್ರಿಗಳು ಮನೆ ಮಠ ಕಳೆದುಕೊಂಡರು. ಮೊಬೈಲ್ ಒಂದು ಇರಲಿಲ್ಲ, ಉಳಿದೆಲ್ಲ ನಮ್ಮ ಗುಂಪಿಗೆ ಬಂದ ಸಂದೇಶದಂತೆಯೇ ಇದೆ: ಹೆಸರು, ಗಡುವು, ಪಟ್ಟಿ.

ಇಂಗ್ಲೆಂಡಿನಲ್ಲಿ ಹೊಸ ರಾಜ ರಾಣಿಗೆ ನಿಷ್ಠೆಯ ಪ್ರಮಾಣವಚನ ಮಾಡಿಸುವ ಮೂಲಕ ಇದೇ ಕೆಲಸ ನಡೆಯಿತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ವಿಲಿಯಂ ಸ್ಯಾನ್‌ಕ್ರಾಫ್ಟ್ ಮತ್ತು ಸುಮಾರು ನಾಲ್ಕುನೂರು ಪಾದ್ರಿಗಳು ಒಪ್ಪದೆ ಸ್ಥಾನ ಕಳೆದುಕೊಂಡರು. ಈ ಸ್ಯಾನ್‌ಕ್ರಾಫ್ಟರನ್ನು ಹಳೆಯ ರಾಜನ ಬಾಲಬಡುಕ ಎಂದು ಯಾರೂ ಹೇಳುವಂತಿಲ್ಲ. 1688ರಲ್ಲಿ ಜೇಮ್ಸ್ ತನ್ನ ಘೋಷಣೆಯೊಂದನ್ನು ಚರ್ಚುಗಳಲ್ಲಿ ಓದಿಸಬೇಕೆಂದಾಗ ಆಗುವುದಿಲ್ಲವೆಂದು ಅರ್ಜಿ ಕೊಟ್ಟು, ಲಂಡನ್ನಿನ ಟವರ್ ಕೋಟೆಯಲ್ಲಿ ಸೆರೆಯಾಗಿ, ಜೂನ್ 30ರಂದು ನಿರ್ದೋಷಿಯೆಂದು ಹೊರಬಂದ ಏಳು ಬಿಷಪ್ಪರಲ್ಲಿ ಅವರೂ ಒಬ್ಬರು. ತಾನು ಎದುರಿಸಿದ ರಾಜನಿಗೇ ಕೊಟ್ಟಿದ್ದ ಮಾತನ್ನು ಅವನು ಸೋತ ಮೇಲೆ ಮುರಿಯಲು ಒಪ್ಪಲಿಲ್ಲ. ಕೊನೆಗೆ ಸಫೋಕ್ ಸೀಮೆಯ ತನ್ನ ಹುಟ್ಟೂರಿಗೆ ಹೋಗಿ 1693ರಲ್ಲಿ ತೀರಿಕೊಂಡರು. ಅವರ ರಾಜಕೀಯ ನನ್ನದಲ್ಲ. ಆದರೆ ಅಂಥ ಮನುಷ್ಯನ ಬಾಯಿಂದ ಬರುವ ಪ್ರಾರ್ಥನೆಗೆ ಒಂದು ತೂಕ ಇರುತ್ತದೆ.

ಎಡಿನ್‌ಬರೊದ ಬಿಷಪ್ ಅಲೆಕ್ಸಾಂಡರ್ ರೋಸ್ ಲಂಡನ್ನಿನಲ್ಲಿ ವಿಲಿಯಮ್ಮನನ್ನು ಕಂಡಾಗ, ನೀವು ನನ್ನ ಕಡೆ ನಿಲ್ಲುತ್ತೀರಿ ತಾನೆ ಎಂಬ ಅರ್ಥದ ಮಾತು ಬಂತಂತೆ. ಕಾನೂನು, ವಿವೇಕ, ಆತ್ಮಸಾಕ್ಷಿ ಒಪ್ಪುವಷ್ಟರ ಮಟ್ಟಿಗೆ ಸೇವೆ ಮಾಡುತ್ತೇನೆ ಎಂದು ಬಿಷಪ್ ಉತ್ತರಿಸಿದರು. ವಿಲಿಯಂ ಮುಂದೆ ಮಾತೇ ಆಡದೆ ಮುಖ ತಿರುಗಿಸಿ ಹೋದ. ಈ ಪ್ರಸಂಗ ಓದಿದಾಗ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ನಾವು ದಿನವೂ ಪೂಜೆಯ ಕೊನೆಗೆ ಹೇಳುವ ಮಾತೂ ಅದೇ ಅಲ್ಲವೇ?

ಸ್ವಸ್ತಿ ಪ್ರಜಾಭ್ಯಃ ಪರಿಪಾಲಯಂತಾಂ
ನ್ಯಾಯ್ಯೇನ ಮಾರ್ಗೇಣ ಮಹೀಂ ಮಹೀಶಾಃ

ಪ್ರಜೆಗಳಿಗೆ ಒಳ್ಳೆಯದಾಗಲಿ, ಆಳುವವರು ಭೂಮಿಯನ್ನು ನ್ಯಾಯದ ದಾರಿಯಲ್ಲಿ ಪಾಲಿಸಲಿ. ಮೊದಲು ಪ್ರಜೆ, ಆಮೇಲೆ ಆಳುವವರು. ಅವರಿಗೂ ಹೆಸರಿಲ್ಲ, ಬಹುವಚನ. ಜೊತೆಗೆ ‘ನ್ಯಾಯ್ಯೇನ ಮಾರ್ಗೇಣ’ ಎಂಬ ಕಟ್ಟಳೆ. ಈ ಎರಡು ಪದ ಕಿತ್ತು ಆ ಜಾಗದಲ್ಲಿ ಒಬ್ಬರ ಹೆಸರು ಕೂರಿಸಿದರೆ ಶ್ಲೋಕದಲ್ಲಿ ಏನು ಉಳಿಯುತ್ತದೆ?

ನಮ್ಮಲ್ಲಿ ಅರಸರ ಹೆಸರು ಹೇಳುವ ರೂಢಿಯೇ ಇರಲಿಲ್ಲ ಎಂದು ನಾನು ವಾದಿಸುವುದಿಲ್ಲ. ತುಮಕೂರು ಜಿಲ್ಲೆಯ ಶಾಸನಗಳಿರುವ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೆಯ ಸಂಪುಟ ತೆರೆದರೆ ದಾನಶಾಸನಗಳಲ್ಲಿ ರಾಜರ ಹೆಸರು ಬಿರುದು ಸಮೇತ ಇರುತ್ತದೆ. ವಿಜಯನಗರದ ಕಾಲದಲ್ಲಿ ರಾಯರಿಗೆ ಧರ್ಮವಾಗಲಿ ಎಂದು ಭೂಮಿ ಬಿಟ್ಟವರಿದ್ದಾರೆ. ಆದರೆ ಅಲ್ಲಿ ಕೊಡುವವನು ತನ್ನ ಕೈಯಾರೆ ಕೊಟ್ಟು ಹೆಸರು ಹೇಳುತ್ತಾನೆ. ಶಿರಾ ಕಡೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೆಲ್ಲ ಅಲ್ಲಿನ ಜುಮ್ಮಾ ಮಸೀದಿಯ ಮುಂದೆ ನಿಲ್ಲಿಸಿ ಖುತ್ಬಾದ ವಿಷಯ ಹೇಳುತ್ತಿದ್ದೆ. ಶುಕ್ರವಾರದ ಪ್ರವಚನದಲ್ಲಿ ಯಾರ ಹೆಸರು ಓದಿದರೋ ಅವನೇ ದೊರೆ ಎಂಬ ಲೆಕ್ಕ. ಔರಂಗಜೇಬ್ ಪಟ್ಟಕ್ಕೆ ಬಂದಾಗ, ತಂದೆ ಷಹಜಹಾನ್ ಬದುಕಿರುವಾಗ ಮಗನ ಹೆಸರಿನಲ್ಲಿ ಖುತ್ಬಾ ಓದುವುದಿಲ್ಲವೆಂದು ಮುಖ್ಯ ಖಾಜಿ ಹೇಳಿದರು. ಓದಬಹುದೆಂದು ತೀರ್ಪು ಕೊಟ್ಟ ಅಬ್ದುಲ್ ವಹಾಬ್ ಎಂಬವರಿಗೆ ಆ ಹುದ್ದೆ ಸಿಕ್ಕಿತು. ಅಧಿಕಾರ ಹೊಸದಾದಷ್ಟೂ, ಅಳುಕು ಹೆಚ್ಚಿದಷ್ಟೂ ಹೆಸರು ಹೇಳಿಸಿಕೊಳ್ಳುವ ಹಸಿವು ಜಾಸ್ತಿ. ಇದಕ್ಕೆ ಜಾತಿಯಿಲ್ಲ, ಧರ್ಮವಿಲ್ಲ.

ನಮ್ಮ ತಾತ ಮೈಸೂರು ಸಂಸ್ಥಾನದ ಕಾಲದವರು. ಅವರ ಸಂಕಲ್ಪದ ಪುಸ್ತಕ ಇನ್ನೂ ನನ್ನ ಬಳಿ ಇದೆ. ದಾರದಲ್ಲಿ ಹೊಲಿದ ನೋಟು ಪುಸ್ತಕ, ಅಂಚಿಗೆಲ್ಲ ಎಣ್ಣೆ ಹಿಡಿದಿದೆ. ಮಹಾರಾಜರ ವರ್ಧಂತಿಯ ದಿನ ಹೇಳಬೇಕಾದ ಸಂಕಲ್ಪ ಒಂದು ಪುಟದಲ್ಲಿದೆ: ಮಹಾರಾಜರ ಹೆಸರು, ಆಮೇಲೆ ಕ್ಷೇಮ, ಸ್ಥೈರ್ಯ, ವಿಜಯ, ಆಯುರಾರೋಗ್ಯ. ಆ ಹೆಸರಿನ ಮೇಲೆ ಪೆನ್ಸಿಲಿನ ಒಂದು ತೆಳುಗೆರೆ. ಅಳಿಸಿಲ್ಲ, ಓದಲು ಬರುತ್ತದೆ. ಬದಿಯಲ್ಲಿ ತಾತನ ಕೈಬರಹದಲ್ಲಿ ‘ಸರ್ವೇಷಾಂ ಪ್ರಜಾನಾಂ’ ಎಂದಿದೆ. ಸ್ವಾತಂತ್ರ್ಯ ಬಂದ ಮೇಲೆ ಹಾಗೆ ಮಾಡಿದೆ ಎಂದು ತಾತ ನನ್ನ ತಂದೆಗೆ ಹೇಳಿದ್ದರಂತೆ. ಯಾರೂ ಆಜ್ಞೆ ಮಾಡಿರಲಿಲ್ಲ. ಮಹಾರಾಜರ ಮೇಲೆ ಅವರಿಗೆ ಬೇಸರವೂ ಇರಲಿಲ್ಲ, ಪಟ ನಮ್ಮ ನಡುಮನೆಯಲ್ಲಿ ಕೊನೆಯವರೆಗೂ ಇತ್ತು. ಇನ್ನು ಆಳುವವರು ಪ್ರಜೆಗಳು ಎಂದು ಮೂರನೆಯ ಇಯತ್ತೆ ಓದಿದ ಒಬ್ಬ ಹಳ್ಳಿಯ ಪೂಜಾರಿಗೆ ಹೊಳೆದಿತ್ತು. ಆ ಪೆನ್ಸಿಲಿನ ಗೆರೆಯನ್ನು ನಾನು ಅಳಿಸಲಾರೆ.

ಸ್ಕಾಟ್ಲೆಂಡಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೆಲವು ಪಾದ್ರಿಗಳು ಬರೀ ‘ರಾಜನಿಗಾಗಿ’ ಎಂದು ಪ್ರಾರ್ಥಿಸತೊಡಗಿದರು. ಕೇಳುವವರು ತಮಗೆ ಬೇಕಾದ ರಾಜನನ್ನು ಮನಸ್ಸಿನಲ್ಲಿ ತಂದುಕೊಂಡರಾಯಿತು. ಅದಕ್ಕೇ 1719ರ ಕಾನೂನು ಆಗಿನ ಜಾರ್ಜ್ ದೊರೆಯ ಹೆಸರನ್ನೇ ಬಿಡಿಸಿ ಹೇಳಬೇಕೆಂದಿತು. ಜೇಮ್ಸನ ವಂಶದವರನ್ನು ಮತ್ತೆ ಪಟ್ಟಕ್ಕೆ ತರಲು ನಡೆದ 1745ರ ದಂಗೆಯ ನಂತರ ಇನ್ನೂ ಬಿಗಿ. ಪಾದ್ರಿಯ ಮನೆಯವರನ್ನು ಬಿಟ್ಟು ಬೆರಳೆಣಿಕೆಯ ಜನ ಸೇರಿದರೂ ಅಪರಾಧ. 1748ರ ಚಳಿಗಾಲದಲ್ಲಿ ಸ್ಟೋನ್‌ಹೇವನ್ ಎಂಬ ಬಂದರಿನ ಜೈಲಿನಲ್ಲಿ ಅಂಥ ಮೂವರು ಪಾದ್ರಿಗಳನ್ನು ಆರು ತಿಂಗಳು ಕೂಡಿಹಾಕಿದರು. ಮೀನುಗಾರರ ಹೆಂಗಸರು ಕೂಸುಗಳನ್ನು ಮೀನು ಹೊರುವ ಬುಟ್ಟಿಗಳಲ್ಲಿಟ್ಟು ಬೆನ್ನಿಗೆ ಕಟ್ಟಿಕೊಂಡು ಕಡಲ ದಂಡೆಯಗುಂಟ ನಡೆದು ಬಂದು, ಜೈಲಿನ ಕಿಟಕಿಯ ಕೆಳಗೆ ನಿಂತು ಮಗುವನ್ನು ಎತ್ತಿ ಹಿಡಿಯುತ್ತಿದ್ದರು. ಒಳಗಿನಿಂದ ಕಂಬಿಗಳ ನಡುವೆ ಕೈ ಚಾಚಿ ಪಾದ್ರಿ ಮಗುವಿಗೆ ದೀಕ್ಷಾಸ್ನಾನ ಕೊಡುತ್ತಿದ್ದರು. ಆ ಜೈಲು ಈಗಲೂ ಬಂದರಿನಲ್ಲಿದೆ, ವಸ್ತುಸಂಗ್ರಹಾಲಯವಾಗಿದೆ. ಅಷ್ಟೆಲ್ಲ ಮಾಡಿಯೂ ಸರ್ಕಾರಕ್ಕೆ ಆ ಪ್ರಾರ್ಥನೆ ಸಿಗಲಿಲ್ಲ. 1788ರಲ್ಲಿ ಜೇಮ್ಸನ ಮೊಮ್ಮಗ ಚಾರ್ಲ್ಸ್ ರೋಮಿನಲ್ಲಿ ಸತ್ತ ಮೇಲೆಯೇ, ಕೊಟ್ಟ ಮಾತಿನ ಋಣ ತೀರಿತೆಂದು ಅವರು ತಾವಾಗಿ ಮೂರನೆಯ ಜಾರ್ಜನ ಹೆಸರು ಹೇಳಿದರು. ನಾಲ್ಕು ವರ್ಷದ ನಂತರ, 1792ರಲ್ಲಿ, ಆ ದಂಡದ ಕಾನೂನುಗಳೂ ಹೋದವು. ಒಂದು ನೂರು ವರ್ಷ ದಂಡ ಹಾಕಿ, ಬಾಗಿಲು ಮುಚ್ಚಿಸಿ, ಜೈಲಿಗೆ ಕಳಿಸಿ ಪಡೆಯಲಾಗದ್ದು ಅವರ ಮನಸ್ಸು ಒಪ್ಪಿದಾಗ ತಾನಾಗಿ ಬಂತು.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ನಾಯಕರ ಮೇಲೆ ಅಭಿಮಾನ ಇರುವವರು ಗುಡಿಗೆ ಬರಲಿ. ಎಲ್ಲರಂತೆ ಅರ್ಚನೆ ಚೀಟಿ ಮಾಡಿಸಲಿ, ಹೆಸರು ಗೋತ್ರ ಕೊಡಲಿ. ನಾನು ಮನಃಪೂರ್ವಕವಾಗಿ ಅರ್ಚನೆ ಮಾಡಿ ಪ್ರಸಾದ ಕೊಡುತ್ತೇನೆ, ಅವರು ಯಾವ ಪಕ್ಷದವರೆಂದು ಕೇಳುವುದಿಲ್ಲ. ಕಾಯಿಲೆ ಬಿದ್ದ ಎದುರು ಪಕ್ಷದವರಿಗೂ ಮೃತ್ಯುಂಜಯ ಜಪ ಮಾಡಿದ್ದೇನೆ. ಗುಡಿಯ ಕೆಲಸವೇ ಅದು. ಆದರೆ ಗಡುವು ಕೊಟ್ಟು, ವಿಡಿಯೊ ಕೇಳಿ, ಪಟ್ಟಿಯ ಭಯ ತೋರಿಸಿ ಮಾಡಿಸುವುದನ್ನು ದಯವಿಟ್ಟು ನಿಲ್ಲಿಸಬೇಕು. ಶಾಲೆಯಲ್ಲಿ ಹಾಜರಿ ತೆಗೆದುಕೊಂಡವನು ನಾನು. ಹಾಜರಿಗೆ ‘ಬಂದಿದ್ದೇನೆ ಸಾರ್’ ಎನ್ನುವ ಮಗುವಿನ ಮನಸ್ಸು ಎಲ್ಲಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಮಸೀದಿ, ಚರ್ಚು, ಮಠಗಳಿಗೂ ನನ್ನ ಮಾತು ಇದೇ.

ಆ ದಿನ ನಾನು ಎಂದಿನಂತೆ ಆರೂವರೆಗೆ ಬಾಗಿಲು ತೆಗೆದು ರುದ್ರಾಭಿಷೇಕ ಮಾಡಿ, ಕೊನೆಗೆ ‘ಸ್ವಸ್ತಿ ಪ್ರಜಾಭ್ಯಃ’ ಹೇಳಿ, ‘ಕಾಲೇ ವರ್ಷತು ಪರ್ಜನ್ಯಃ’ ಎಂದು ಮಳೆಯನ್ನು ಕೇಳಿ ಮನೆಗೆ ಬಂದೆ. ವಿಡಿಯೊ ತೆಗೆಯಲಿಲ್ಲ. ನನಗೆ ಪಿಂಚಣಿ ಬರುತ್ತದೆ, ಪಟ್ಟಿಯಲ್ಲಿ ನನ್ನ ಹೆಸರು ಬರೆದರೂ ಒಲೆ ಉರಿಯುತ್ತದೆ. ಪಕ್ಕದ ಊರಿನ ಹಿರಿಯರಿಗೆ ಆ ಆಸರೆ ಇಲ್ಲ. ರಾಜ್ಯದಲ್ಲಿ ಮುಜರಾಯಿಗೆ ಸೇರಿದ 34 ಸಾವಿರಕ್ಕೂ ಹೆಚ್ಚು ಗುಡಿಗಳಿವೆ, ಬಹುಪಾಲು ‘ಸಿ’ ದರ್ಜೆಯವು. ಅವುಗಳಲ್ಲಿ ಅವರಂಥವರೇ ಹೆಚ್ಚು.

ಅವರು ಜಗಲಿಯಲ್ಲಿ ಕೇಳಿದ ಪ್ರಶ್ನೆಗೆ ನಾನು ಧೈರ್ಯದ ಮಾತು ಹೇಳಿದೆನೇ ಹೊರತು ಖಚಿತ ಉತ್ತರ ಕೊಡಲಾಗಲಿಲ್ಲ. ಉತ್ತರ ಕೊಡುವ ಅಧಿಕಾರ ಇರುವವರು ನಿಮ್ಮ ಪತ್ರಿಕೆಯಲ್ಲೇ ಕೊಡಲಿ: ಯಾರ ಹೆಸರನ್ನೂ ಹೇಳದ ಕಾರಣಕ್ಕೆ ಯಾವ ಅರ್ಚಕನ ತಸ್ತೀಕೂ ನಿಲ್ಲುವುದಿಲ್ಲ ಎಂದು. ಆ ಪುಟವನ್ನು ನಾನೇ ಕತ್ತರಿಸಿ ಅವರ ಕೈಗೆ ಕೊಟ್ಟು ಬರುತ್ತೇನೆ.

– ನಿವೃತ್ತ ಇತಿಹಾಸ ಶಿಕ್ಷಕ, ಮಧುಗಿರಿ ತಾಲ್ಲೂಕು, ತುಮಕೂರು ಜಿಲ್ಲೆ