ಆಟಿಯ ಮಳೆಯಲ್ಲಿ ನೆಲಕ್ಕೆ ಗಾಳಿ ಊದುವವರು

ಮಾನ್ಯ ಸಂಪಾದಕರೇ,

ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನಲ್ಲಿ ಡೀಸೆಲ್ ಟ್ಯಾಂಕ್ ಸೋರಿದ ಜಾಗದ ಮಣ್ಣು ಶುದ್ಧಗೊಳಿಸುವ ಕೆಲಸ ‘ಭರದಿಂದ ಸಾಗಿದೆ’ ಎಂಬ ತಮ್ಮ ಮೊನ್ನೆಯ ವರದಿಯನ್ನು, ಅದೇ ಬಂಕಿನ ಹಿಂದಿನ ಮನೆಯ ಜಗಲಿಯಲ್ಲಿ ಮೂಗಿಗೆ ಬೈರಾಸು ಹಿಡಿದುಕೊಂಡು ಓದಿದೆ. ಭರದಿಂದ ಸಾಗಿರುವುದು ಮಣ್ಣಿಗೆ ಗಾಳಿ ಊದುವ ಬ್ಲೋವರಿನ ಸದ್ದು ಮಾತ್ರ. ಅದೂ ನಿನ್ನೆ ರಾತ್ರಿ ಕರೆಂಟು ಹೋಗಿ ನಿಂತು, ಎರಡು ಗಂಟೆಗೆ ಮನೆಯವರೆಲ್ಲ ಬೆಚ್ಚಿ ಏಳುವಂತೆ ಮತ್ತೆ ಶುರುವಾಯಿತು. ಬೆಳಿಗ್ಗೆ ಸೇದಿದ ಕೊಡಪಾನದಲ್ಲಿ ಎಂದಿನಂತೆ ಬಣ್ಣಬಣ್ಣದ ಎಣ್ಣೆಪೊರೆ. ಕಣ್ಣು ಮಂಜಾದ ನನ್ನ ತಾಯಿ ಅದೇ ನೀರಿನಲ್ಲಿ ತೊಳೆದ ಒಂದು ಸೇರು ಕುಚ್ಚಲಕ್ಕಿ ತೆಂಗಿನ ಬುಡ ಸೇರಿತು.

ವಿಧಾನದ ಬಗ್ಗೆ ನನಗೆ ತಕರಾರಿಲ್ಲ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳೇ ಡೀಸೆಲನ್ನು ತಿಂದು ಕರಗಿಸುತ್ತವೆ, ಅವಕ್ಕೆ ಆಮ್ಲಜನಕ ಸಾಲದಿದ್ದಾಗ ಕೊಳವೆಯಿಂದ ಮೆಲ್ಲನೆ ಗಾಳಿ ಕೊಟ್ಟರೆ ಕೆಲಸ ಚುರುಕಾಗುತ್ತದೆ, ಇದಕ್ಕೆ ಬಯೋವೆಂಟಿಂಗ್ ಎನ್ನುತ್ತಾರೆ ಎಂದು ಎಂಜಿನಿಯರರೇ ನಮ್ಮನ್ನು ಕೂರಿಸಿ ಪಾಠ ಹೇಳಿದ್ದರು. 1988ರಲ್ಲಿ ಅಮೆರಿಕದ ಹಿಲ್ ವಾಯುನೆಲೆಯಲ್ಲಿ ವಿಮಾನದ ಇಂಧನ ಚೆಲ್ಲಿದ್ದ ಜಾಗದಲ್ಲಿ ಇದನ್ನು ಪರೀಕ್ಷಿಸಿದ್ದನ್ನೂ ಹೇಳಿದರು. ಅದು ಯೂಟಾದ ಒಣನಾಡು, ಅಲ್ಲಿ ನಮ್ಮಂತೆ ಜಡಿಮಳೆಯ ಆಟಿ ತಿಂಗಳಿಲ್ಲ. ಈ ಗಾಳಿ ಉಪಯೋಗಕ್ಕೆ ಬರುವುದು ಅಂತರ್ಜಲಕ್ಕಿಂತ ಮೇಲಿರುವ, ಸಂದುಗಳಲ್ಲಿ ನೀರು ತುಂಬಿರದ ಮಣ್ಣಿನಲ್ಲಿ. ಬೇಸಿಗೆಯಿಡೀ ಕಡತ ಮೇಜಿನಿಂದ ಮೇಜಿಗೆ ತಿರುಗಿ ಯಂತ್ರ ಬಂದಿಳಿಯುವ ಹೊತ್ತಿಗೆ ನನ್ನ ಬಾವಿಯ ನೀರು ಕಟ್ಟೆಯಿಂದ ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೇರಿದೆ, ನಮ್ಮ ನೆಲದ ಮುರಕಲ್ಲು ನೀರು ಕುಡಿದು ಕುಳಿತಿದೆ. ಸಾಲದ್ದಕ್ಕೆ, ಬೇಗ ಮುಗಿಸುವ ಆತುರದಲ್ಲಿ ಗಾಳಿಯನ್ನು ಜೋರಾಗಿ ಊದುತ್ತಿರುವುದರಿಂದ ಸೂಕ್ಷ್ಮಜೀವಿಗಳಿಗೆ ಸಲ್ಲಬೇಕಾದ ಡೀಸೆಲ್ ಆವಿ ನಮ್ಮ ಜಗಲಿಗೆ ಬರುತ್ತಿದೆ. ಪ್ರಾಯಶಃ ನಮ್ಮನ್ನೂ ಅವುಗಳ ಪಟ್ಟಿಗೆ ಸೇರಿಸಿರಬೇಕು.

ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತಿವೆಯೇ ಎಂದು ತಿಳಿಯಲು ಮಣ್ಣಿನೊಳಗಿನ ಆಮ್ಲಜನಕವನ್ನೂ ಇಂಗಾಲದ ಡೈಆಕ್ಸೈಡನ್ನೂ ಅಳೆದ ಲೆಕ್ಕ ಎಲ್ಲಿ ಎಂದು ಕೇಳಿದ್ದಕ್ಕೆ, ಅಧಿಕಾರಿಯೊಬ್ಬರು ನಾನು ಒಯ್ದ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ಮೇಲಿನವರು ನೋಡಿಕೊಳ್ಳುತ್ತಾರೆ” ಎಂದರು. ಮೂರು ವರ್ಷದ ಹಿಂದೆ ನಮ್ಮ ಓಣಿಯ ಚರಂಡಿಯ ಚಪ್ಪಡಿ ಮುರಿದಾಗಲೂ, ಡಾಂಬರು ಹಾಕಿದ ತಿಂಗಳಿಗೇ ಪೈಪಿಗೆಂದು ರಸ್ತೆ ಅಗೆದಾಗಲೂ ಇದೇ ಉತ್ತರ ಬಂದಿತ್ತು. ಆ ಚಪ್ಪಡಿಯ ಜಾಗದಲ್ಲಿ ಇಂದಿಗೂ ಅಡಿಕೆ ಸೋಗೆಯೇ ಇದೆ.

ಆದ್ದರಿಂದ ಯಂತ್ರವನ್ನು ಕೂಡಲೇ ನಿಲ್ಲಿಸಬೇಕು, ಇಲ್ಲವೇ ಬಲ್ಲವರಿಂದ ಸರಿಯಾಗಿ ನಡೆಸಬೇಕು. ಅಲ್ಲಿಯವರೆಗೆ ಟ್ಯಾಂಕರ್ ನೀರನ್ನಾದರೂ ಕೊಡಬೇಕು. ಇದಾವುದೂ ಆಗದಿದ್ದರೆ ‘ಭರದಿಂದ ಸಾಗಿದೆ’ ಎಂದು ಪತ್ರಿಕೆಗೆ ಹೇಳುವಾಗ ಸಂಬಂಧಪಟ್ಟವರಿಗೆ ಒಂದಿಷ್ಟು ನಾಚಿಕೆಯಾದರೂ ಇರಲಿ.

– ನೊಂದ ಬಾವಿಯ ಮಾಲೀಕ, ಮಂಗಳೂರು