ಕಲ್ಲಿಗಲ್ಲ, ಜ್ವರಕ್ಕೆ ಹೆದರು

ಪ್ರೀತಿಯ ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಸ್ಕ್ಯಾನಿಂಗ್ ರಿಪೋರ್ಟ್ ನೋಡಿದೆ. ಎಡಗಡೆ ಮೂತ್ರನಾಳದ ತುದಿಯಲ್ಲಿ 6 ಮಿ.ಮೀ. ಕಲ್ಲು, ಅದರ ಮೇಲಿನ ಕಿಡ್ನಿ ಕೊಂಚ ಊದಿಕೊಂಡಿದೆ, ಜೊತೆಗೆ ಎರಡು ದಿನದಿಂದ ಉರಿಮೂತ್ರ. ಕಲ್ಲು ಯಾವಾಗ ಬೀಳುತ್ತದೆ ಎನ್ನುವುದೊಂದೇ ನಿನ್ನ ಚಿಂತೆ. ಕಲ್ಲು ಸಾಮಾನ್ಯ, ಮೂತ್ರದ ಸೋಂಕೂ ಸಾಮಾನ್ಯ. ಅವೆರಡೂ ಒಂದೇ ಕಿಡ್ನಿಯಲ್ಲಿ ಕೂಡಿದರೆ ಮಾತ್ರ ಲೆಕ್ಕ ದಿನಗಳದ್ದಲ್ಲ, ಗಂಟೆಗಳದ್ದು. ಈ ಕಾಗದ ಬರೆಯುತ್ತಿರುವುದು ಅದಕ್ಕೇ.

ಮೊದಲು ಉರಿಯ ವಿಷಯ. ಕಿಡ್ನಿಯಿಂದ ಮೂತ್ರಚೀಲದವರೆಗಿನ ಮೂತ್ರನಾಳ ಸುಮಾರು 25 ಸೆಂ.ಮೀ. ಉದ್ದ. ಅದು ಮೂರು ಕಡೆ ಕಿರಿದಾಗುತ್ತದೆ: ಕಿಡ್ನಿಯಿಂದ ಹೊರಡುವಲ್ಲಿ, ದೊಡ್ಡ ರಕ್ತನಾಳಗಳನ್ನು ದಾಟುವಲ್ಲಿ, ಮೂತ್ರಚೀಲದೊಳಗೆ ನುಗ್ಗುವಲ್ಲಿ. ನಿನ್ನ ಕಲ್ಲು ಕೂತಿರುವುದು ಕೊನೆಯ ಜಾಗದಲ್ಲಿ. ಅಲ್ಲಿ ಕೂತ ಕಲ್ಲು ಮೂತ್ರಚೀಲವನ್ನು ಕೆರಳಿಸುತ್ತದೆ. ಸೋಂಕು ಇಲ್ಲದಿದ್ದರೂ ಉರಿ, ಪದೇಪದೇ ಅವಸರ, ಹೋದರೆ ನಾಲ್ಕೇ ಹನಿ. ಹಾಗಾಗಿ ಉರಿ ಇದೆ ಎಂದ ಮಾತ್ರಕ್ಕೆ ಸೋಂಕು ಎನ್ನುವಂತಿಲ್ಲ, ಬರೀ ಕಲ್ಲಿನದು ಎಂದು ಕೈಬಿಡುವಂತೆಯೂ ಇಲ್ಲ. ಹೇಳಬೇಕಾದ್ದು ಯೂರಿನ್ ಕಲ್ಚರ್, ಅಂದರೆ ಮೂತ್ರದಲ್ಲಿನ ಕ್ರಿಮಿಯನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ.

ಕಲ್ಚರ್‌ಗೆ ಕೊಡುವುದರಲ್ಲಿ ಅರ್ಧ ಜನ ತಪ್ಪುತ್ತಾರೆ. ಆ್ಯಂಟಿಬಯಾಟಿಕ್‌ನ ಮೊದಲ ಗುಳಿಗೆ ನುಂಗುವ ಮೊದಲೇ ಕೊಡಬೇಕು. ಮನೆಯಲ್ಲಿ ಉಳಿದಿರುವ ಅರ್ಧ ಪಟ್ಟಿ ಗುಳಿಗೆ ಇದೆ ಎಂದು ಬರೆದಿದ್ದೀಯಲ್ಲ, ಅದನ್ನು ಮುಟ್ಟಬೇಡ. ಎರಡು ಗುಳಿಗೆ ಸಾಕು ಕಲ್ಚರ್ ಸುಳ್ಳು ಹೇಳಲು. ಕೈ ತೊಳೆದು, ಮುಂದಿನಿಂದ ಹಿಂದಕ್ಕೆ ನೀರಿನಿಂದ ಶುಚಿ ಮಾಡಿಕೊಂಡು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಲ್ಯಾಬ್‌ನವರು ಕೊಟ್ಟ ಸ್ಟೆರೈಲ್ ಡಬ್ಬಿಗೆ ಹಿಡಿ. ಡಬ್ಬಿಯ ಒಳಬದಿಗೆ ಬೆರಳು ತಾಗಬಾರದು. ಎರಡು ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು, ಆಗದಿದ್ದರೆ ಫ್ರಿಜ್‌ನಲ್ಲಿಡು. ಹೊರಗಿಟ್ಟರೆ ಒಂದೆರಡು ಕ್ರಿಮಿಗಳೇ ಲಕ್ಷವಾಗಿ, ಇಲ್ಲದ ಸೋಂಕು ಇದೆಯೆಂದು ರಿಪೋರ್ಟ್ ಬರುತ್ತದೆ.

ಈಗ ಮುಖ್ಯ ಮಾತು. ಚಳಿ ಹತ್ತಿ ನಡುಕ ಬಂದರೆ, ಅಥವಾ ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೆ, ಬೆಳಗಾಗಲಿ ಎಂದು ಕಾಯಬೇಡ. ಅದು ನಡುರಾತ್ರಿಯಾದರೂ ಎಮರ್ಜೆನ್ಸಿಗೆ ಹೋಗು, ಬಾಗಿಲಲ್ಲೇ "ಮೂತ್ರನಾಳದಲ್ಲಿ ಕಲ್ಲಿದೆ, ಈಗ ಜ್ವರ ಬಂದಿದೆ" ಎಂದು ಹೇಳು. ಕಟ್ಟಿಕೊಂಡ ಕಿಡ್ನಿಯಲ್ಲಿ ರಕ್ತ ಸೋಸುವುದೇ ಕಡಿಮೆಯಾಗಿರುತ್ತದೆ, ಹಾಗಾಗಿ ಆ್ಯಂಟಿಬಯಾಟಿಕ್ ಅಲ್ಲಿನ ಮೂತ್ರಕ್ಕೆ ಸರಿಯಾಗಿ ಇಳಿಯುವುದಿಲ್ಲ. ಒಳಗೆ ಒತ್ತಡ ಏರಿ ಕ್ರಿಮಿಗಳು ಹಿಮ್ಮುಖವಾಗಿ ರಕ್ತಕ್ಕೆ ನುಗ್ಗುತ್ತವೆ. ಎಷ್ಟು ಇಂಜೆಕ್ಷನ್ ಕೊಟ್ಟರೂ ದಾರಿ ತೆರೆಯದೆ ಅದು ಹತೋಟಿಗೆ ಬರುವುದಿಲ್ಲ. ದಾರಿ ತೆರೆಯುವುದು ಎರಡು ಬಗೆ: ಒಳಗಿನಿಂದ ಮೂತ್ರನಾಳಕ್ಕೆ ಡಿಜೆ ಸ್ಟೆಂಟ್ ಎಂಬ ತೆಳು ಕೊಳವೆ ಹಾಕುವುದು, ಇಲ್ಲವೇ ಬೆನ್ನಿನ ಕಡೆಯಿಂದ ಕಿಡ್ನಿಗೇ ಸಣ್ಣ ಕೊಳವೆ ಇಳಿಸುವುದು. ಕಲ್ಲು ತೆಗೆಯುವುದು ಆಮೇಲೆ, ಸೋಂಕು ಇಳಿದ ಮೇಲೆ. ಕಲ್ಲನ್ನು ಅವತ್ತೇ ಯಾಕೆ ತೆಗೆಯಲಿಲ್ಲ ಎಂದು ವೈದ್ಯರೊಂದಿಗೆ ಜಗಳಕ್ಕೆ ನಿಲ್ಲಬೇಡ. ಸೋಂಕಿನ ನಡುವೆ ಕಲ್ಲಿಗೆ ಕೈಹಾಕಿದರೆ ಅದೇ ವಿಷ ರಕ್ತಕ್ಕೆ ಹೋಗುತ್ತದೆ.

ಇಲ್ಲಿ ಮೂರು ಮೋಸಗಳಿವೆ. ನೋವಿಗೆ ಕೊಟ್ಟಿರುವ ಡೈಕ್ಲೋಫೆನಾಕ್ ಜ್ವರವನ್ನೂ ಇಳಿಸುತ್ತದೆ, ಪ್ಯಾರಾಸಿಟಮಾಲ್ ಕೂಡ. ಆದ್ದರಿಂದ ಗುಳಿಗೆ ನುಂಗುವ ಮೊದಲು ಥರ್ಮಾಮೀಟರ್ ಇಡು. ಥರ್ಮಾಮೀಟರ್ ಏನೇ ತೋರಿಸಲಿ, ಹಲ್ಲು ಕಟಕಟಿಸುವ ನಡುಕವನ್ನು ಜ್ವರವೆಂದೇ ಎಣಿಸು. ಎರಡನೆಯದು, ಮೂತ್ರ ಚೆನ್ನಾಗಿ ಹೋಗುತ್ತಿದೆ ಎಂಬ ಸಮಾಧಾನ. ಅದು ಬಲಗಡೆ ಕಿಡ್ನಿಯ ಮೂತ್ರ. ಒಂದು ಕಿಡ್ನಿ ಪೂರ್ತಿ ಕಟ್ಟಿದರೂ ಇನ್ನೊಂದು ನಿಭಾಯಿಸುತ್ತದೆ, ಕಿಡ್ನಿಯ ಕೆಲಸ ಅಳೆಯುವ ರಕ್ತಪರೀಕ್ಷೆ ಕ್ರಿಯಾಟಿನಿನ್ ಕೂಡ ಸರಿಯಾಗಿಯೇ ಬರಬಹುದು. ಮೂರನೆಯದು, ಪೂರ್ತಿ ಕಟ್ಟಿದ ಕಡೆಯ ಕೀವು ಕೆಳಗೆ ಇಳಿಯದೆ ಮೂತ್ರ ಪರೀಕ್ಷೆ ಶುದ್ಧವಾಗಿ ಕಾಣುವುದೂ ಉಂಟು.

ಕಲ್ಲು ಚಿಕ್ಕದಾದಷ್ಟೂ ತಾನಾಗಿ ಬೀಳುವುದು ಹೆಚ್ಚು, 5 ಮಿ.ಮೀ. ಒಳಗಿನವು ಬಹುಪಾಲು ಹೋಗುತ್ತವೆ, 10 ದಾಟಿದವು ಅಪರೂಪಕ್ಕೆ. ನಿನ್ನದು ನಡುವಿನದು, ಜಾಗ ಕೆಳಗಿರುವುದು ಅನುಕೂಲ. ಟ್ಯಾಮ್ಸುಲೋಸಿನ್ ಕೊಟ್ಟಿರುವುದು ಆ ತುದಿಯನ್ನು ಸಡಿಲಿಸಲು. ತಟ್ಟನೆ ಎದ್ದರೆ ತಲೆ ಸುತ್ತಬಹುದು. ನೋವು ಹಿಂಡುವಾಗ ಚೊಂಬುಗಟ್ಟಲೆ ನೀರು ಕುಡಿದು ಕಲ್ಲನ್ನು ತಳ್ಳುತ್ತೇನೆ ಎನ್ನಬೇಡ, ಕಟ್ಟಿದ ಕಡೆ ಒತ್ತಡ ಏರಿ ನೋವೇ ಹೆಚ್ಚುತ್ತದೆ. ಆಗ ಬಾಯಾರಿಕೆಗೆ ತಕ್ಕಷ್ಟು ಸಾಕು. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಬರುವಷ್ಟು ನೀರು ಮುಂದೆ ಹೊಸ ಕಲ್ಲು ಕಟ್ಟದಿರಲು. ಮೂತ್ರವನ್ನು ತೆಳು ಬಟ್ಟೆಯಲ್ಲಿ ಸೋಸು, ಕಲ್ಲು ಸಿಕ್ಕರೆ ಪರೀಕ್ಷೆಗೆ ಕೊಡು.

ನೋವು ನಿಂತಿತು ಎಂದು ಮರೆಯುವುದು ಇನ್ನೊಂದು ತಪ್ಪು. ಕಲ್ಲು ಅಲ್ಲೇ ಇದ್ದು ನೋವು ಮಾತ್ರ ಹೋಗಬಹುದು, ಕಿಡ್ನಿ ಸದ್ದಿಲ್ಲದೆ ಸೊರಗಬಹುದು. ಕಲ್ಲು ಕೈಗೆ ಸಿಗದಿದ್ದರೆ ಮರಳಿ ಸ್ಕ್ಯಾನ್ ಮಾಡಿಸು. ನಾಲ್ಕರಿಂದ ಆರು ವಾರಕ್ಕಿಂತ ಹೆಚ್ಚು ಕಾಯುವುದು ಬೇಡ. ಮುಟ್ಟು ತಪ್ಪಿದ್ದರೆ ಸಿಟಿ ಸ್ಕ್ಯಾನ್‌ಗೂ ಡೈಕ್ಲೋಫೆನಾಕ್‌ಗೂ ಮೊದಲೇ ಹೇಳು.

ಕಲ್ಚರ್‌ನಲ್ಲಿ ಸೋಂಕು ಬಂದರೆ ಯಾವ ಔಷಧ ಎಂದು ವೈದ್ಯರು ತೀರ್ಮಾನಿಸಲಿ. ಕಳೆದ ವರ್ಷ ನಿನಗೆ ಕೊಟ್ಟಿದ್ದ ನೈಟ್ರೋಫ್ಯುರಾಂಟಾಯಿನ್ ಮೂತ್ರಚೀಲದ ಸೋಂಕಿಗೆ ಒಳ್ಳೆಯದೇ, ಆದರೆ ಕಿಡ್ನಿಯ ಮಾಂಸದಲ್ಲಿ ಅದು ಸಾಕಷ್ಟು ಸೇರುವುದಿಲ್ಲ. ಜ್ವರ, ಪಕ್ಕೆನೋವು ಇರುವಾಗ ಅದನ್ನು ನಂಬಬಾರದು. ಉರಿ ತಣಿಸುವ ಸಿರಪ್ ಕ್ರಿಮಿ ಕೊಲ್ಲುವುದಿಲ್ಲ, ಮೇಲಾಗಿ ನೈಟ್ರೋಫ್ಯುರಾಂಟಾಯಿನ್‌ನ ಕಸುವನ್ನೂ ತಗ್ಗಿಸುತ್ತದೆ.

ನಿನ್ನ ಮಾವನವರಿಗೆ ರಾತ್ರಿ ನಾಲ್ಕೈದು ಸಲ ಏಳಬೇಕು, ಧಾರೆ ಸಣ್ಣಗಾಗಿದೆ ಎಂದಿದ್ದೀಯ. ಅದನ್ನು ವಯಸ್ಸಿನ ಮೇಲೆ ಹಾಕಿ ಬಿಡಬೇಡಿ. ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಅಡ್ಡ ಬಂದರೆ ಚೀಲದಲ್ಲಿ ಮೂತ್ರ ಉಳಿದು ಸೋಂಕು, ಕೊನೆಗೆ ಎರಡೂ ಕಿಡ್ನಿ ಊದುವ ತನಕ ಹೋಗುತ್ತದೆ. ಮೂತ್ರ ಮಾಡಿದ ಮೇಲೆ ಎಷ್ಟು ಉಳಿಯುತ್ತದೆ ಎಂದು ಸ್ಕ್ಯಾನ್‌ನಲ್ಲಿ ಅಳೆಸಿ.

ಇನ್ನು, ಸ್ಟೆಂಟ್ ಹಾಕಬೇಕಾಗಿ ಬಂದರೆ ಒಂದು ಕೆಲಸ. ಹಾಕಿದ ತಾರೀಕು, ತೆಗೆಯಬೇಕಾದ ತಾರೀಕು ಎರಡನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆ, ಮನೆಯ ಇನ್ನೊಬ್ಬರಿಗೂ ಹೇಳಿರು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ತೆಗೆಯಬೇಕು ಅಥವಾ ಬದಲಿಸಬೇಕು. ಮರೆತರೆ ಅದರ ಸುತ್ತಲೇ ಕಲ್ಲು ಕಟ್ಟಿ, ಎಳೆದರೂ ಬಾರದಂತಾಗುತ್ತದೆ. ಇದ್ದಷ್ಟು ದಿನ ಓಡಾಡಿದಾಗ ಮೂತ್ರ ನಸುಗೆಂಪಾಗುವುದು, ಮೂತ್ರ ಮಾಡುವಾಗ ಪಕ್ಕೆ ಸೆಳೆಯುವುದು ಇದ್ದದ್ದೇ.

ಕಲ್ಚರ್ ರಿಪೋರ್ಟ್ ಬಂದ ದಿನವೇ ಕಳಿಸು.

ನಿನ್ನ ದೊಡ್ಡಮ್ಮ