ಐತವಾರದ ಹಿಟ್ಟು

ಎಲ್ಲರಿಗೂ ಶರಣು. ಹೋದ ವಾರ ರೇಷನ್ ಅಂಗಡ್ಯಾಗ ಮಿಷಿನ್ ಮ್ಯಾಲ ಹೆಬ್ಬೆಟ್ಟು ಒತ್ತಿದೆ, ನನ್ನ ಹೆಸರು ಬಂತು. ಅಷ್ಟೇ ಸುದ್ದಿ. ಅಕ್ಕಿ ಚೀಲ ಹೊತ್ಕೊಂಡು ಬರೋವಾಗ ದಾರ್ಯಾಗೇ ಅಳು ಬಂತು ಅಂದ್ರ ನಗಬ್ಯಾಡ್ರಿ. ದಾಲ್ ಮಿಲ್ಲಿನ್ಯಾಗ ಚೀಲ ಹೊರೋ ನಮ್ಮನಿಯವರು ಬಿದ್ದು ಬೆನ್ನು ಹೋಗಿದ್ದು, ರೇಷನ್ ಕಾರ್ಡ್ ಬಂದ್ ಆಗಿದ್ದು ನಿಮ್ಮಾಗ ಭಾಳ ಮಂದಿಗಿ ಗೊತ್ತೇ ಅದ.

ಇ-ಕೆವೈಸಿ, ಅಂದ್ರ ಕಾರ್ಡಿಗಿ ಹೆಬ್ಬೆಟ್ಟಿನ ಗುರುತು ಜೋಡ್ಸೋ ಸಲುವಾಗಿ ನಾಕು ಸಲ ಬೈಕ್ ಮ್ಯಾಲ ಕರ್ಕೊಂಡು ಹೋದ ಓಣಿ ತಮ್ಮಗ, ಸಾಲ್ಯಾಗ ಬಿಸಿಯೂಟ ಮಾಡೋ ಅಕ್ಕೋರಿಗಿ, ಶರಣಬಸವೇಶ್ವರ ಗುಡಿ ದಾಸೋಹದವರಿಗಿ, 10 ರೂಪಾಯಿಗಿ ಊಟ ಹಾಕಿದ ಇಂದಿರಾ ಕ್ಯಾಂಟೀನ್‌ನವರಿಗಿ, ಎಲ್ಲರಿಗೂ ಕೈ ಮುಗಿತೀನಿ.

ಆದ್ರ ಬಾಜೂ ಮನಿ ಆಯಿದು ಬ್ಯಾರೆ.

ಅವತ್ತು ಶನಿವಾರ ರಾತ್ರಿ. ಸಣ್ಣಾಕಿ "ಅವ್ವಾ, ನಾಳಿಗಿ ಸಾಲಿ ಅದ ಏನು?" ಅಂತ ಕೇಳಿದ್ಳು, ಸಾಲಿ ಇದ್ರ ಊಟ ಅದ, ಐತವಾರ ಇಲ್ಲ, ಆ ಲೆಕ್ಕ ಅಕಿಗಿ ತಿಳಿದುಬಿಟ್ಟಿತ್ತು. ಯಾರೂ ಬರಬಾರ್ದು ಅಂತ ಲೈಟ್ ಆರಿಸಿ ಕುಂತಿದ್ದೆ. ಆಯಿ ಬಾಗಿಲಾ ಬಡದ್ಳು. "ಎರಡು ದಿನ ಆತು, ಗ್ವಾಡಿ ಆಕಡಿಂದ ರೊಟ್ಟಿ ಬಡಿಯೋ ಸಪ್ಪಳ ಬರವಲ್ದು" ಅಂದ್ಳು, ಮತ್ತೇನೂ ಕೇಳ್ಲಿಲ್ಲ. ಸೆರಗಿನ್ಯಾಗ ಜ್ವಾಳದ ಹಿಟ್ಟು ಕಟ್ಕೊಂಡು ಬಂದಿದ್ಳು. "ನನ್ನ ಕೈ ನೋಯ್ತಾವ, ನೀನೇ ಬಡಿ" ಅಂತ ಹೇಳಿ ತಾನು ಒಲಿ ಮುಂದ ಕುಂತು ಬೇಯಿಸಿದ್ಳು. ಖಾನಾವಳ್ಯಾಗ ದಿನಾ ನೂರಾರು ರೊಟ್ಟಿ ಬಡಿಯಾಕಿಗಿ ಅವತ್ತೇ ಕೈ ನೋವು! ರಾತ್ರಿ ಪೂರ್ತಿ ನಮ್ಮ ಮನ್ಯಾಗೇ ಇದ್ಳು, ನಾ ಅಳೋದು ಮುಗಿಯೋತನಕ. ಅಲ್ಲಿಂದ ಪ್ರತಿ ಶನಿವಾರ ಒಂದು ಸೇರು ಹಿಟ್ಟು, ಆರು ತಿಂಗಳು, ಒಬ್ಬರಿಗೂ ಹೇಳ್ಲಿಲ್ಲ. ಆಕಿದು ಒಬ್ಬಾಕಿ ಕಾರ್ಡು, ಬರೋ ಅಕ್ಕಿ ಎಷ್ಟು ಅಂತ ನೀವೇ ಲೆಕ್ಕ ಹಾಕ್ರಿ.

ಒಂದು ಮಾತು ಹೊಟ್ಯಾಗ ಉಳದದ, ಹೇಳಿಬಿಡ್ತೀನಿ. ನಮ್ಮ ಕಲಬುರಗಿ ತೊಗರಿಬ್ಯಾಳಿಗಿ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಈ ಊರಿಂದೇ ಅನ್ನೋ ಸರಕಾರದ ಗುರುತು, ಬಂದಾಗ ಎಲ್ಲರೂ ಸ್ಟೇಟಸ್ ಇಟ್ಟಿದ್ವಿ, ನಾನೂ ಇಟ್ಟಿದ್ದೆ. ಅದೇ ತೊಗರಿ ಚೀಲ ದಾಲ್ ಮಿಲ್ಲಿನ್ಯಾಗ ವರ್ಷಗಟ್ಲೆ ಹೊತ್ತವರ ಮನ್ಯಾಗ ಒಂದು ಹಿಡಿ ಬ್ಯಾಳಿ ಇಲ್ದಂಗ ಆತು, ಬೆನ್ನು ಹೋದಮ್ಯಾಲ ಮಿಲ್ಲಿನವರು ಒಬ್ಬರೂ ಹಣಿಕಿ ನೋಡ್ಲಿಲ್ಲ. ಇರ್ಲಿ. ಈಗ ಅವರು ಎದ್ದು ಓಡಾಡ್ಲಕತ್ತಾರ, ನನಗೂ ಹೊಲಿಗಿ ಕೆಲಸ ಸಿಕ್ಕದ.

ನಿನ್ನೆ ಹೊಸ ಅಕ್ಕಿ ಒಂದು ಡಬ್ಬಿ ತುಂಬಿ ಆಯಿಗಿ ಒಯ್ದು ಕೊಟ್ಟೆ. "ಲೆಕ್ಕ ಮುಟ್ಟಸ್ಲಾಕ ಬಂದಿ ಏನ?" ಅಂತ ಬೈದ್ಳು. ಖಾಲಿ ಡಬ್ಬಿ ಕೊಡಬಾರ್ದಂತ ಶೇಂಗಾ ಹಿಂಡಿ ಹಾಕಿ ವಾಪಸ್ ಕಳಿಸ್ಯಾಳ. ಆಯಿಗಿ ಓದಾಕ ಬರಲ್ಲ, ಇದನ್ನ ಸಂಜಿಗಿ ಸಣ್ಣಾಕಿ ಹೋಗಿ ಓದಿ ಹೇಳ್ತಾಳಂತ.